ಚಿಲ್ಲರೆ ಎಣಿಸುವ ಮಿನಿಗೇಮ್ ಕಟ್ಟುವುದು ಹೇಗೆ?

ಪರದೆಯ ಮೇಲೆ ಬಿಲ್ ಮೂಡುತ್ತದೆ, ಗಿರಾಕಿ ಹಣ ಚಾಚುತ್ತಾನೆ, ಗಡಿಯಾರ ಓಡತೊಡಗುತ್ತದೆ. ಗಲ್ಲಾಪೆಟ್ಟಿಗೆಯಿಂದ ಸರಿಯಾದ ಚಿಲ್ಲರೆ ಎತ್ತಿ ಕೊಟ್ಟರೆ ಗೆದ್ದಂತೆ. ಆಟ ಇಷ್ಟೇ. ಆದರೆ ಇಲ್ಲಿ ಗೆಲ್ಲಬೇಕಾದದ್ದು ಬಾಯಿಲೆಕ್ಕ, ಬೆರಳಿನ ವೇಗವಲ್ಲ. ಕೆಳಗಿನ ಪ್ರತಿ ಹೆಜ್ಜೆಯೂ ಅದಕ್ಕಾಗಿಯೇ.

ಮೊದಲು, ಹಣವನ್ನು ಪೂರ್ಣಾಂಕದಲ್ಲೇ ಇಡಿ. ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿದರೆ ಸಿಗುವುದು 0.30000000000000004. ಆಟಗಾರ ಸರಿಯಾಗಿಯೇ ಕೊಟ್ಟಿದ್ದರೂ ಆಟ ‘ತಪ್ಪು’ ಎನ್ನುತ್ತದೆ. ಅತಿ ಚಿಕ್ಕ ನಾಣ್ಯವನ್ನು 1 ಎಂದುಕೊಂಡು ಉಳಿದುದನ್ನೆಲ್ಲ ಅದರ ಲೆಕ್ಕದಲ್ಲಿ ಬರೆಯಿರಿ: 1, 2, 5, 10, 20, 50.

ಎರಡನೆಯದು ಸಮಯ. ಎಲ್ಲ ಸುತ್ತಿಗೂ ಒಂದೇ ಅವಧಿ ಕೊಡುವುದು ಅನ್ಯಾಯ. ಬಿಲ್ 63, ಕೊಟ್ಟದ್ದು 100 ಎನ್ನಿ. 63ಕ್ಕೆ 2 ಸೇರಿದರೆ 65, 5 ಸೇರಿದರೆ 70, 10 ಸೇರಿದರೆ 80, 20 ಸೇರಿದರೆ 100. ನಾಲ್ಕು ನಾಣ್ಯ, 37 ಚಿಲ್ಲರೆ. ಕಳೆಯುವ ಗೊಡವೆಯೇ ಇಲ್ಲ. ನುರಿತವರು ಎಣಿಸುವುದು ಹೀಗೇ, ಬಿಲ್ಲಿನಿಂದ ಮೇಲಕ್ಕೆ. ಯೋಚನೆಗೆ 3 ಸೆಕೆಂಡು, ಬೇಕಾದ ಪ್ರತಿ ನಾಣ್ಯಕ್ಕೆ 1 ಸೆಕೆಂಡು ಕೊಡಿ. ಈ ಸುತ್ತಿಗೆ 7 ಸೆಕೆಂಡು ಆಯಿತು. ಮೇಲಿನ ಆರು ಬೆಲೆಗಳಿದ್ದರೆ 99ರೊಳಗಿನ ಯಾವ ಮೊತ್ತಕ್ಕೂ ಆರಕ್ಕಿಂತ ಹೆಚ್ಚು ನಾಣ್ಯ ಬೇಡ. ಆರು ಬೇಕಾಗುವುದು 88, 89, 98, 99ಕ್ಕೆ ಮಾತ್ರ. ಅವನ್ನು ಕೊನೆಯ ಹಂತಕ್ಕೆ ಎತ್ತಿಡಿ. ಇನ್ನು, ಗಡಿಯಾರವನ್ನು ಫ್ರೇಮ್ (ಪರದೆ ಪ್ರತಿ ಸಲ ಹೊಸದಾಗಿ ಮೂಡಿಸುವ ಚಿತ್ರ) ಎಣಿಸಿ ಓಡಿಸಬೇಡಿ. ಸೆಕೆಂಡಿಗೆ 60 ಫ್ರೇಮಿಗೆ ಹೊಂದಿಸಿದ್ದು 120 ಫ್ರೇಮಿನ ಪರದೆಯಲ್ಲಿ ಅರ್ಧ ಹೊತ್ತಿಗೇ ಮುಗಿದುಹೋಗುತ್ತದೆ. ನಿಜವಾಗಿ ಕಳೆದ ಮಿಲಿಸೆಕೆಂಡುಗಳನ್ನು ಕಳೆಯುತ್ತಾ ಬನ್ನಿ.

ಪೆಟ್ಟಿಗೆಯಲ್ಲಿ ನಾಣ್ಯಗಳು ಮುಗಿಯುವಂತೆ ಮಾಡಿದರೆ ಆಟಕ್ಕೆ ಕಳೆ ಬರುತ್ತದೆ, ತೊಡಕೂ ಬರುತ್ತದೆ. 6 ಕೊಡಬೇಕು, ಇರುವುದು 5ರ ಒಂದು, 2ರ ಮೂರು, 1ರದು ಒಂದೂ ಇಲ್ಲ. ‘ದೊಡ್ಡದು ಮೊದಲು’ ಎಂಬ ಸೂತ್ರ 5 ಎತ್ತಿಕೊಂಡು ಅಲ್ಲೇ ಸಿಕ್ಕಿಬೀಳುತ್ತದೆ. ಉತ್ತರ 2, 2, 2. ಆದ್ದರಿಂದ ಸುತ್ತು ಶುರುವಾಗುವ ಮೊದಲು, ಪೆಟ್ಟಿಗೆಯಲ್ಲಿರುವ ನಾಣ್ಯಗಳಿಂದ ಆ ಮೊತ್ತ ಕೂಡುತ್ತದೆಯೇ ಎಂದು ಎಲ್ಲ ಜೋಡಣೆಗಳನ್ನೂ ಪರೀಕ್ಷಿಸುವ ಕೋಡ್ ಬರೆಯಿರಿ. ಇಷ್ಟು ಸಣ್ಣ ಮೊತ್ತಗಳಿಗೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಉತ್ತರವೇ ಇಲ್ಲದ ಸುತ್ತು ಒಮ್ಮೆ ಬಂದರೂ ಆಟಗಾರನ ನಂಬಿಕೆ ಹೋಗುತ್ತದೆ.

ಮೊತ್ತ ಕೂಡಿದ ತಕ್ಷಣ ‘ಗೆದ್ದಿರಿ’ ಎನ್ನಬೇಡಿ. ಹಾಗೆ ಮಾಡಿದರೆ 1ರ ನಾಣ್ಯವನ್ನೇ ಟಪಟಪ ಒತ್ತುತ್ತಾ ಹೋದವನಿಗೂ ಗೆಲುವು ಸಿಕ್ಕಿಬಿಡುತ್ತದೆ. ‘ಕೊಡು’ ಎಂಬ ಗುಂಡಿ ಬೇರೆಯೇ ಇರಲಿ. ಎತ್ತಿದ ನಾಣ್ಯಗಳು ಒಂದು ತಟ್ಟೆಗೆ ಬೀಳಲಿ. ತಟ್ಟೆಯಲ್ಲಿರುವ ಒಟ್ಟು ಮೊತ್ತವನ್ನು ಮೊದಲ ಮೂರು ಸುತ್ತು ತೋರಿಸಿ, ಆಮೇಲೆ ಮರೆಮಾಡಿ. ತಟ್ಟೆಯ ನಾಣ್ಯ ಮುಟ್ಟಿದರೆ ಅದು ಪೆಟ್ಟಿಗೆಗೆ ಮರಳಬೇಕು. ‘ಕೊಡು’ ಒತ್ತಿದ ಮೇಲೆ ಬೇರೆ ಒತ್ತುಗಳನ್ನೆಲ್ಲ ನಿರ್ಲಕ್ಷಿಸಿ, ಇಲ್ಲದಿದ್ದರೆ ಬೆರಳು ಎರಡು ಸಲ ತಾಗಿದಾಗ ಮುಂದಿನ ಸುತ್ತು ಖಾಲಿ ತಟ್ಟೆಯಲ್ಲೇ ಸೋತುಹೋಗುತ್ತದೆ. ನಾಣ್ಯಗಳಿಗೆ ಬಣ್ಣದ ಜೊತೆ ದಪ್ಪ ಅಂಕಿಯೂ ಇರಲಿ; ಬಣ್ಣ ಗುರುತಿಸಲಾಗದವರೂ ಆಡುತ್ತಾರೆ. ತಪ್ಪಾದಾಗ ಬರೀ ಕೆಂಪು ಗುರುತು ಸಾಲದು, ‘2 ಕಡಿಮೆ’ ಅಥವಾ ‘5 ಹೆಚ್ಚು’ ಎಂದು ಹೇಳಿ.

ಆಟ ಹಿಡಿತಕ್ಕೆ ಬಂದವರಿಗೆ ಒಂದು ಸೊಗಸಾದ ತಿರುವು ಉಳಿದಿದೆ: ಬಿಲ್ 63 ಇದ್ದಾಗ ಗಿರಾಕಿ 103 ಕೊಡಲಿ. ಗೊತ್ತಿದ್ದವರು 20ರ ಎರಡು ಎತ್ತಿ ಕೊಡುತ್ತಾರೆ. ಗೊತ್ತಿಲ್ಲದವರ ಬೆರಳು ಒಂದು ಗಳಿಗೆ ಗಾಳಿಯಲ್ಲೇ ನಿಲ್ಲುತ್ತದೆ. ಈ ಸುತ್ತಿಗೆ ಮಾತ್ರ 2 ಸೆಕೆಂಡು ಹೆಚ್ಚು ಕೊಡಿ.