ಸೋರ್ತಿದ್ದ ಸಿಲಿಂಡರ್ ಎಸೀದೆ ನಾನೇ ಸರಿ ಮಾಡಿದ್ದು: ಸೌದೆ ಸೀಳೋ ಮಷಿನ್, ನನ್ನ ಅನುಭವ

ಸೌದೆ ಸೀಳೋ ಮಷಿನ್ನಿನ ಹೈಡ್ರಾಲಿಕ್ ಸಿಲಿಂಡರಿಗೆ (ಎಣ್ಣೆ ಒತ್ತಡದಲ್ಲಿ ರಾಡನ್ನ ತಳ್ಳೋ ಕೊಳವೆ) ಸೀಲ್ ಕಿಟ್ (ಎಣ್ಣೆ ತಡೆಯೋ ಬಳೆಗಳ ಸೆಟ್) ಹಾಕಿದ ಸ್ವಲ್ಪ ದಿನಕ್ಕೇ ಮತ್ತೆ ಎಣ್ಣೆ ಸೋರೋಕೆ ಶುರುವಾದ್ರೆ ಸೀಲನ್ನ ಬೈಬೇಡಿ, ರಾಡ್ ಯಾಕೆ ಒಂದು ಪಕ್ಕಕ್ಕೆ ಒತ್ತುತ್ತಿದೆ ಅಂತ ನೋಡಿ. ಇದನ್ನ ಹೇಳ್ದಾಗ ಯಾರೂ ನಂಬ್ಲಿಲ್ಲ, ರಾಡ್‌ಗೆ ಏಟು ಬಿದ್ದಿದೆ, ಸಿಲಿಂಡರ್ ಕಥೆ ಮುಗೀತು, ಹೊಸದು ತಗೋ ಅಂತಾನೇ ಎಲ್ರೂ ಅಂದಿದ್ದು. ಅದೇ ಸಿಲಿಂಡರು ಅದೇ ರಾಡಲ್ಲಿ ಈಗ ಹತ್ರ ಹತ್ರ ಎರಡು ಸೀಸನ್ ಸೌದೆ ಸೀಳಿದೆ, ಒಂದು ಹನಿ ಕೆಳಗೆ ಬಿದ್ದಿಲ್ಲ, ಅದಕ್ಕೇ ಬರೀತಿದೀನಿ.

ನನ್ನದು 4 ಇಂಚು ಬೋರ್ (ಒಳ ಅಗಲ), 2 ಇಂಚು ರಾಡ್, 24 ಇಂಚು ಸ್ಟ್ರೋಕ್ (ರಾಡ್ ಓಡೋ ದೂರ), ವೆಲ್ಡೆಡ್ ಬಾಡಿ, ಥ್ರೆಡ್ ಇರೋ ಗ್ಲ್ಯಾಂಡ್ (ರಾಡ್ ಹೊರಗೆ ಬರೋ ತುದಿಯ ಮುಚ್ಚಳ, ರಾಡ್ ಸೀಲ್ ಇರೋದು ಇದರೊಳಗೆ). ರಿಲೀಫ್ ವಾಲ್ವ್ (ಎಣ್ಣೆ ಒತ್ತಡ ಮಿತಿ ಮೀರದ ಹಾಗೆ ತಡೆಯೋದು) 2500 ಪಿಎಸ್ಐ ಹತ್ರ ಇಟ್ಟಿದೀನಿ, ಅಂದ್ರೆ ತಳ್ಳೋ ಬಲ ಸುಮಾರು 14 ಟನ್. ಬೆಣೆ ಬೀಮ್ (ಮಷಿನ್ನಿನ ಕಬ್ಬಿಣದ ತೊಲೆ) ತುದೀಲಿ ಫಿಕ್ಸ್, ತಳ್ಳೋ ಪ್ಲೇಟ್ ರಾಡ್ ತುದೀಲಿ.

ಸೋರಿಕೆ ಇದ್ದಿದ್ದು ಗ್ಲ್ಯಾಂಡ್ ಹತ್ರ, ಅದೂ ರಾಡ್ ವಾಪಸ್ ಬರೋವಾಗ. ದಿಮ್ಮಿ ಬೆಣೇಲಿ ಕಚ್ಕೊಂಡು ರಾಡನ್ನ ಹಿಂದಕ್ಕೆ ಎಳೀವಾಗಂತೂ ಎಣ್ಣೆ ಧಾರೆಯಾಗೇ ಇಳೀತಿತ್ತು. ಇದನ್ನ ನೋಡಿ ಪ್ರೆಶರ್ ಜಾಸ್ತಿ ಆಯ್ತು, ರಿಲೀಫ್ ಕಮ್ಮಿ ಮಾಡು ಅಂದವ್ರೂ ಇದ್ರು. ಅದು ತಪ್ಪು ಲೆಕ್ಕ. ಸೀಳೋವಾಗ ಗ್ಲ್ಯಾಂಡ್ ಕಡೆ ಎಣ್ಣೆ ಟ್ಯಾಂಕಿಗೆ ವಾಪಸ್ ಹೋಗ್ತಿರುತ್ತೆ, ಅಲ್ಲಿ ಒತ್ತಡಾನೇ ಇರಲ್ಲ ಅನ್ಬೋದು, ರಾಡ್ ಸೀಲ್‌ಗೆ ಜಾಸ್ತಿ ಒತ್ತಡ ಬೀಳೋದು ಎಳೀವಾಗ ಮತ್ತೆ ರಿಟರ್ನ್ ಕೊನೇಲಿ ಲಿವರ್ ಟಕ್ ಅಂತ ಬಿಟ್ಕೊಳ್ಳೋ ಕ್ಷಣದಲ್ಲಿ ಮಾತ್ರ. ರಿಲೀಫ್ ಕಮ್ಮಿ ಮಾಡಿದ್ರೆ ಗಂಟು ಇರೋ ದಿಮ್ಮಿ ಸೀಳಲ್ಲ ಅಷ್ಟೇ, ಸೋರಿಕೆ ಹಾಗೇ ಇರುತ್ತೆ.

ಮೊದಲು ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದೆ. ಬಿಚ್ಚಿ, ಕಿಟ್ ಹಾಕಿ, ಪೇಂಟ್ ಕೂಡ ಹೊಡೆದು ಕೊಟ್ರು. ಕೂಲಿ, ಕಿಟ್ಟು, ಹೊಸ ಎಣ್ಣೆ ಎಲ್ಲ ಸೇರಿ ಹೊಸ ಸಿಲಿಂಡರ್ ರೇಟಿನ ಮೂರನೇ ಒಂದು ಭಾಗ ಹೋಯ್ತು. ಒಂದು ತಿಂಗಳು ಕೂಡ ಬಂತೋ ಇಲ್ವೋ, ಮತ್ತೆ ಅದೇ ಜಾಗದಲ್ಲಿ ಸೋರಿಕೆ. ಈ ಸಲ ನಾನೇ ಬಿಚ್ದೆ. ವರ್ನಿಯರ್ ಇಟ್ಟು ನೋಡಿದ್ರೆ ಹಾಕಿದ್ದ ಸೀಲ್ 50 ಎಂಎಂ ರಾಡಿಂದು, ನನ್ನ ರಾಡ್ 2 ಇಂಚು, ಅಂದ್ರೆ 50.8. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ, ಹಾಕಿದಾಗ ಬಿಗಿಯಾಗಿ ಚೆನ್ನಾಗೇ ಕೂತ್ಕೊಳ್ಳುತ್ತೆ, ಆದ್ರೆ ಸೀಲಿನ ತುಟಿ (ರಾಡಿಗೆ ತಾಗೋ ಅಂಚು) ಉಜ್ಜಿ ಉಜ್ಜಿ ಬಿಸಿಯಾಗಿ ಬೇಗ ಸಾಯುತ್ತೆ. ಅದಕ್ಕೇ ಮಷಿನ್ ಹೆಸರು ಹೇಳಿ ಕಿಟ್ ಕೇಳೋದನ್ನ ಬಿಟ್ಟೆ. ರಾಡ್ ಸೈಜು, ಸೀಲ್ ಕೂರೋ ಗ್ರೂವ್ ಒಳಗಿನ ಸೈಜು, ಗ್ರೂವ್ ಎತ್ತರ, ಈ ಮೂರು ಅಳತೆ ಕೊಟ್ಟು ಬಿಡಿ ಸೀಲ್ ತಗೊಂಡೆ, ಕಿಟ್ಟಿಗಿಂತ ಅಗ್ಗ ಕೂಡ ಆಯ್ತು.

ಆದ್ರೆ ಅಸಲಿ ವಿಷಯ ಸೈಜಲ್ಲ. ಹಳೇ ಸೀಲ್ ಕೈಲಿಟ್ಕೊಂಡು ತಿರುಗಿಸಿ ನೋಡ್ದೆ, ತುಟಿ ಒಂದೇ ಪಕ್ಕ ಸವೆದು ತೆಳ್ಳಗಾಗಿತ್ತು, ಎದುರು ಪಕ್ಕ ಹೊಸದರ ಹಾಗೇ ಇತ್ತು. ಗ್ಲ್ಯಾಂಡ್ ಒಳಗೆ ರಾಡನ್ನ ನೇರ ಹಿಡಿಯೋ ವೇರ್ ರಿಂಗೂ ಅದೇ ಪಕ್ಕ ತಿಂದು ಹೋಗಿತ್ತು. ಆಮೇಲೆ ತಳ್ಳೋ ಪ್ಲೇಟ್ ಹಿಡಿದು ಅಲ್ಲಾಡಿಸಿದ್ರೆ ಬೀಮ್ ಮೇಲೆ ಲಟಪಟ ಅಂತಿತ್ತು, ಪ್ಲೇಟನ್ನ ಬೀಮಿಗೆ ಹಿಡಿದಿಡೋ ಕೆಳಗಿನ ಕ್ಲಿಪ್ಪು ಮತ್ತೆ ಬೀಮ್ ಫ್ಲ್ಯಾಂಜ್ (ಚಾಚಿರೋ ಅಂಚು) ಮಧ್ಯೆ ಹತ್ರ ಹತ್ರ 5 ಎಂಎಂ ಸಂದು. ವಾರೆಯಾಗಿ ಕೊಯ್ದಿರೋ ದಿಮ್ಮಿ ಇಟ್ರೆ ಪ್ಲೇಟ್ ತಲೆ ಎತ್ತುತ್ತೆ, ಅದರ ಜೊತೆ ರಾಡೂ ಎತ್ತುತ್ತೆ, ಆ ಭಾರ ಎಲ್ಲ ಹೋಗಿ ಕೂತ್ಕೊಳ್ಳೋದು ಬಡಪಾಯಿ ಗ್ಲ್ಯಾಂಡ್ ಮೇಲೆ. ಹೀಗಿದ್ದಾಗ ಎಷ್ಟು ಕಿಟ್ ಹಾಕಿದ್ರೇನು, ಹೊಸ ಸಿಲಿಂಡರ್ ಹಾಕಿದ್ರೂ ಅದೂ ಹೀಗೇ ಸೋರೋದು. ಹೊಸದು ತಗೋ ಅಂದವ್ರಲ್ಲಿ ಒಬ್ರೂ ಆ ಪ್ಲೇಟ್ ಮುಟ್ಟಿ ನೋಡಿರ್ಲಿಲ್ಲ.

ಕ್ಲಿಪ್ ಬಿಚ್ಚಿ, ಸವೆದ ಮುಖ ಗ್ರೈಂಡ್ ಮಾಡಿ, ಶಿಮ್ (ಸಂದು ತುಂಬೋ ತೆಳು ಪಟ್ಟಿ) ಹಾಕಿ ಸಂದನ್ನ 1 ಎಂಎಂಗಿಂತ ಕಮ್ಮಿಗೆ ತಂದೆ. ಪೂರ್ತಿ ಬಿಗಿ ಮಾಡ್ಬೇಡಿ, ಬಿಸಿಯಾದಾಗ, ಸಿಪ್ಪೆ ಚೂರು ಸಿಕ್ಕಾಗ ಜಾಮ್ ಆಗುತ್ತೆ. ಶಿಮ್ಮಿಗೆ ನಾನು ಯಾವ ಮೆಟೀರಿಯಲ್ ಹಾಕ್ದೆ ಅನ್ನೋದು ನನ್ ಹತ್ರಾನೇ ಇರ್ಲಿ, ತುಂಬಾ ಹುಡುಕಿ ಸಿಕ್ಕಿದ್ದು.

ಇನ್ನು ರಾಡ್. ಕ್ರೋಮ್ ಮೇಲೆ ಅಕ್ಕಿಕಾಳಿನಷ್ಟು ಉದ್ದದ ಒಂದು ಗಾಯ, ಪಕ್ಕದಲ್ಲಿ ಸಣ್ಣ ಸಣ್ಣ ತುಕ್ಕು ಚುಕ್ಕೆ. ರೀಕ್ರೋಮ್ (ಹೊಸದಾಗಿ ಕ್ರೋಮ್ ಲೇಪ) ವಿಚಾರಿಸಿದ್ರೆ ಹೊಸ ಸಿಲಿಂಡರ್ ರೇಟಿನ ಅರ್ಧಕ್ಕಿಂತ ಜಾಸ್ತಿ ಹೇಳಿದ್ರು, ಮೇಲೆ ಸಾಗಣೆ ಬೇರೆ. ಕೈಬಿಟ್ಟೆ. ಸೀಲ್ ಹರಿಯೋದು ಗುಂಡಿಯಿಂದಲ್ಲ, ಗುಂಡಿ ಅಂಚಲ್ಲಿ ಎದ್ದಿರೋ ಚೂಪಿಂದ, ಅದನ್ನ ನುಣುಪು ಎಣ್ಣೆಕಲ್ಲಲ್ಲಿ ನಿಧಾನವಾಗಿ ತೆಗೆದೆ, ಉಗುರು ಎಳೆದ್ರೆ ತಡೀಬಾರ್ದು ಅಲ್ಲಿವರೆಗೆ. ಗುಂಡಿಗೆ ಎರಡು ಟ್ಯೂಬಿನ ಮೆಟಲ್ ಎಪಾಕ್ಸಿ ತುಂಬಿ, ಒಂದು ರಾತ್ರಿ ಪೂರ್ತಿ ಬಿಟ್ಟು, 600 ಆಮೇಲೆ 1000 ನಂಬರ್ ಎಮರಿ ಕಾಗದದಲ್ಲಿ ರಾಡ್ ಸುತ್ತ ಉಜ್ಜಿದೆ, ಉದ್ದಕ್ಕೆ ಉಜ್ಜಿದ್ರೆ ಆ ಗೀರುಗಳೇ ಎಣ್ಣೆಗೆ ದಾರಿ ಆಗ್ತವೆ. ಎಪಾಕ್ಸಿ ಎದ್ದು ಹೋಗುತ್ತೆ ಅಂತ ಎಲ್ರೂ ಹೇಳಿದ್ರು. ಹೋಗಿಲ್ಲ. ತುಂಬೋ ಮುಂಚೆ ಗುಂಡಿಯಿಂದ ಎಣ್ಣೆ ಅಂಶ ಪೂರ್ತಿ ತೆಗಿಯೋಕೆ ನನ್ನದೊಂದು ವಿಧಾನ ಇದೆ, ಹಿಡಿದಿರೋದು ಅದರಿಂದಾನೇ ಅಂತ ನನ್ ನಂಬಿಕೆ, ಅದನ್ನೂ ಇಲ್ಲಿ ಬಿಡಲ್ಲ.

ಬಿಚ್ಚೋ ಕೆಲಸ ನಿಮಗೆಲ್ಲ ಗೊತ್ತೇ ಇದೆ. ಪಿಸ್ಟನ್ ನಟ್ ಮಾತ್ರ ಥ್ರೆಡ್ ಲಾಕರ್ (ನಟ್ ಸಡಿಲ ಆಗದಂಗೆ ಹಾಕೋ ಅಂಟು) ಹಾಕಿ ಕೂರಿಸಿರ್ತಾರೆ, ಬಿಸಿ ಮಾಡ್ದೆ ಜಗ್ಗಿದ್ರೆ ಪಾನಾನೇ ಮುರಿಯುತ್ತೆ, ಟಾರ್ಚಲ್ಲಿ ಚೆನ್ನಾಗಿ ಕಾಯಿಸಿ ಉದ್ದ ಪೈಪ್ ಹಾಕಿದ ಮೇಲೇ ಅಲ್ಲಾಡಿದ್ದು. ಗ್ಲ್ಯಾಂಡ್ ಬರದಿದ್ರೆ ಪೋರ್ಟಿಗೆ (ಎಣ್ಣೆ ಹೋಗೋ ಬಾಯಿ) ಕಂಪ್ರೆಸರ್ ಗಾಳಿ ಕೊಡೋದು ಬೇಡವೇ ಬೇಡ, ಗುಂಡಿನ ಥರ ಹಾರುತ್ತೆ. ಸೋರಿಕೆ ಎಲ್ಲಿ ಅಂತ ಕೈ ಆಡಿಸಿ ಹುಡುಕೋದೂ ಬೇಡ, ಸೂಜಿಯಷ್ಟು ಸಣ್ಣ ಧಾರೆ ಚರ್ಮದೊಳಗೆ ಹೋದ್ರೆ ಕೈಯೇ ಹೋಗ್ಬೋದು, ರಟ್ಟು ಹಿಡೀರಿ. ಹೊಸ ಯು ಕಪ್ಪನ್ನ (ಅದೇ ರಾಡ್ ಸೀಲ್) ಬಿಸಿನೀರಲ್ಲಿ ಸ್ವಲ್ಪ ಹೊತ್ತು ಹಾಕಿ ಮೆತ್ತಗೆ ಮಾಡಿ, ಮಡಚಿ ಒಳಗೆ ಬಿಟ್ಟೆ, ತುಟಿ ಎಣ್ಣೆ ಕಡೆಗೆ, ಧೂಳು ತಡೆಯೋ ವೈಪರ್ ಸೀಲಿನ ತುಟಿ ಹೊರಗಡೆಗೆ. ತುಟಿ ಗೀಚುತ್ತೆ ಅಂತ ಸ್ಕ್ರೂಡ್ರೈವರ್ ಹತ್ರಾನೂ ತರ್ಲಿಲ್ಲ.

ನಡುವೆ ಒಂದಿಷ್ಟು ಪ್ರಯೋಗಾನೂ ಆಯ್ತು. ಸೋರಿಕೆ ನಿಲ್ಸುತ್ತೆ ಅಂತ ಎಣ್ಣೆಗೆ ಹಾಕೋ ಬಾಟ್ಲಿ ಬರುತ್ತಲ್ಲ, ಅದು ಹಾಕಿದ ಮೊದಲ ವಾರ ಕಮ್ಮಿ ಆದಂಗೆ ಕಾಣ್ತು, ಆಮೇಲೆ ಸೀಲ್ ಮೆತ್ತಗಾಗಿ ಮುಂಚಿಗಿಂತ ಜಾಸ್ತಿ ಸೋರ್ತು. 46 ಗ್ರೇಡ್ ಎಣ್ಣೆ ಬದ್ಲು ಅದಕ್ಕಿಂತ ಮಂದವಾದ 68 ಹಾಕಿ ನೋಡ್ದೆ, ಹನಿ ಸ್ವಲ್ಪ ನಿಧಾನ ಆಯ್ತು ನಿಜ, ಚಳೀಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಪಂಪ್ ಕಿರಚೋದು ಕೇಳಕ್ಕಾಗ್ತಿರ್ಲಿಲ್ಲ, ತೆಗೆದೆ. ರಾಡ್‌ಗೆ ಟ್ಯೂಬ್ ರಬ್ಬರ್ ಕವರ್ ಹೊಲಿದು ಹಾಕಿದ್ದೆ, ಒಳಗೆ ತೇವ ನಿಂತು ತುಕ್ಕೇ ಜಾಸ್ತಿ. ಈಗ ಕೆಲಸ ಮುಗಿದ ತಕ್ಷಣ ರಾಡ್ ಪೂರ್ತಿ ಒಳಗೆ ಎಳೆದು ನಿಲ್ಲಿಸ್ತೀನಿ, ಅದಕ್ಕಿಂತ ಒಳ್ಳೇ ಕವರ್ ಇಲ್ಲ.

ಜೋಡಿಸಿದ ಮೇಲೆ ಭಾರ ಇಲ್ದೆ ನಿಧಾನವಾಗಿ ಒಂದಷ್ಟು ಸಲ ಹಿಂದೆ ಮುಂದೆ ಓಡಿಸಿ ಗಾಳಿ ತೆಗೆದೆ. ಸಿಲಿಂಡರ್ ಒಂದೇ ಸುಮಾರು 5 ಲೀಟರ್ ಕುಡಿಯುತ್ತೆ, ಟ್ಯಾಂಕ್ ಲೆವೆಲ್ ನೋಡ್ತಾ ತುಂಬಬೇಕು, ಇಲ್ಲಾಂದ್ರೆ ಪಂಪ್ ಗಾಳಿ ಎಳೆಯುತ್ತೆ. ಆಮೇಲೆ ಬೇಕಂತಾನೇ ಗಂಟು ಗಂಟಾಗಿರೋ, ವಾರೆ ಕೊಯ್ದ ದಿಮ್ಮಿಗಳನ್ನೇ ಆರಿಸಿ ಇಟ್ಟೆ, ಬೆಣೇಲಿ ಸಿಕ್ಕಿಸಿ ಎಳೆದೆ. ರಾಡ್ ಮೇಲೆ ತೆಳ್ಳಗೆ ಎಣ್ಣೆ ಪಸೆ ಮಾತ್ರ, ಅದು ಇರಲೇಬೇಕು. ಸೀಲು, ಎಪಾಕ್ಸಿ, ಶಿಮ್ಮು ಎಲ್ಲ ಸೇರಿ ಹೊಸ ಸಿಲಿಂಡರ್ ರೇಟಿನ ಹತ್ತನೇ ಒಂದು ಭಾಗ ಆಗಿರ್ಬೋದು, ಎಣ್ಣೆ ಹಳೇದನ್ನೇ ಸೋಸಿ ಹಾಕ್ದೆ.

ಒಂದು ಮಾತು, ಎಪಾಕ್ಸಿ ರಾಡ್ ಸೌದೆ ಮಷಿನ್ನಿಗೆ ಮಾತ್ರ. ಇಲ್ಲಿ ಸೀಲ್ ಹೋದ್ರೆ ನೆಲ ಒದ್ದೆ ಆಗುತ್ತೆ ಅಷ್ಟೇ. ಕೆಳಗೆ ಜನ ನಿಲ್ಲೋ, ಭಾರ ಎತ್ತಿ ಹಿಡಿಯೋ ಯಾವ ಸಿಲಿಂಡರಿಗೂ ಇದನ್ನ ಮಾಡ್ಬೇಡಿ, ಅಲ್ಲಿ ರಾಡನ್ನೇ ಬದಲಾಯ್ಸಿ, ದುಡ್ಡು ಎಷ್ಟಾದ್ರೂ ಆಗ್ಲಿ.