ಮಳೆಗಾಲದಲ್ಲಿ ಬಿಟ್ಟೆವು, ಬೇಸಿಗೆಯಲ್ಲಿ ಹಸಿಗೆ ತಿರುಗಿದೆವು

ಮದುವೆಯಾಗಿ ಮಂಗಳೂರಿನ ಉರ್ವಕ್ಕೆ ಬಂದ ಮೇಲೆ ಹದಿನಾಲ್ಕು ವರ್ಷ ನಮ್ಮ ಮನೆಯಲ್ಲಿ ಮೀನಿಲ್ಲದ ಊಟ ಅಂದರೆ ಹಬ್ಬದ ದಿನ ಮಾತ್ರ. ಮೀನಿನವರ ಹಾರ್ನ್ ಕೇಳಿದ ಕೂಡಲೇ ನಾನೋ ಇವರೋ ಪಾತ್ರೆ ಹಿಡಿದು ಗೇಟಿಗೆ ಓಡುತ್ತಿದ್ದೆವು. ಅಂಥ ಮನೆಯ ನಾವಿಬ್ಬರು ಈಗ ಮೀನು, ಮಾಂಸ, ಹಾಲು ಯಾವುದೂ ಇಲ್ಲದೆ, ವರ್ಷದ ಬಹುಪಾಲು ಬೇಯಿಸದ ಊಟ ಮಾಡುತ್ತಿದ್ದೇವೆ. ಹೇಗೆ ಅಂತ ತುಂಬ ಜನ ಕೇಳುತ್ತಾರೆ.

ನನ್ನ ಕಾರಣ ಹಾಲಿನಿಂದ ಶುರುವಾಯಿತು. ತವರು ಬೆಳ್ತಂಗಡಿ ಕಡೆ. ಒಮ್ಮೆ ಹೋಗಿದ್ದಾಗ ಹಟ್ಟಿಯಲ್ಲಿ ಹಸು ಗಂಡು ಕರು ಹಾಕಿತ್ತು. ಗದ್ದೆ ಉಳಲು ಈಗ ಟಿಲ್ಲರ್ ಬರುತ್ತದೆ, ಗಂಡು ಕರು ಯಾರಿಗೂ ಬೇಡ. ಯಾರೋ ಬಂದು ಅದನ್ನು ಕೊಂಡು ಹೋದರು. ಹಸು ಎರಡು ದಿನ ಕೂಗಿತು. ಅಮ್ಮನನ್ನು ನಾನು ದೂರಲಿಲ್ಲ, ಅವರಿಗೂ ಕಣ್ಣಲ್ಲಿ ನೀರಿತ್ತು. ಆದರೆ ಆ ಕೂಗು ನನ್ನ ಕಾಫಿಯ ಲೋಟದವರೆಗೂ ಬಂತು.

ಇವರ ಕಾರಣ ಬೇರೆ. ನಮ್ಮ ಜಿಲ್ಲೆಗೆ ಪ್ರಕೃತಿ ಚಿಕಿತ್ಸೆ ಹೊಸದಲ್ಲ, ಧರ್ಮಸ್ಥಳದ ಶಾಂತಿವನದ ಹೆಸರು ಕೇಳದವರಿಲ್ಲ. ಇವರು ತೂಕ ಇಳಿಸಲು ಅಂಥದೊಂದು ಕಡೆ ಹತ್ತು ದಿನ ಇದ್ದು ಬಂದರು. ಹಣ್ಣು, ಹಸಿ ತರಕಾರಿ, ಮೊಳಕೆ ಕಾಳು ತಿಂದು ಮೈ ಹಗುರವಾಗಿದೆ, ಮನೆಯಲ್ಲೂ ಹಾಗೇ ಮಾಡೋಣ ಅಂದರು. ನನಗೆ ವೀಗನ್ ಆಗಬೇಕಿತ್ತು, ಅಂದರೆ ಪ್ರಾಣಿಗಳಿಂದ ಬರುವ ಯಾವುದೂ ಬೇಡ; ಇವರಿಗೆ ಹಸಿ ಊಟ ಬೇಕಿತ್ತು. ಎರಡನ್ನೂ ಕೂಡಿಸಿ ಒಂದೇ ದಿನ ಶುರು ಮಾಡಿಬಿಟ್ಟೆವು. ಅದೂ ಜುಲೈಯಲ್ಲಿ.

ಆರು ದಿನಕ್ಕೆ ನಿಂತುಹೋಯಿತು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ದೊಡ್ಡ ಪಾಲು ಜೂನ್, ಜುಲೈಯಲ್ಲೇ. ಆ ತೇವದಲ್ಲಿ ಕಟ್ಟಿಟ್ಟ ಹೆಸರುಕಾಳು ಮೊಳಕೆ ಬರುವ ಮೊದಲೇ ಲೋಳೆಯಾಗಿ ಹುಳಿ ವಾಸನೆ ಹೊಡೆಯಿತು. ಸೊಪ್ಪಿನ ಬುಡದಲ್ಲಿ ಕೆಸರು, ಎಲೆಯ ಹಿಂದೆ ಸಣ್ಣ ಹುಳ. ಎಷ್ಟು ತೊಳೆದರೂ ಸಾಲದು. ನನಗೆ ಹೊಟ್ಟೆ ಕೆಟ್ಟಿತು, ಮರುದಿನ ಇವರಿಗೆ ಜ್ವರ. ಡಾಕ್ಟರು ಕುದಿಸಿದ ನೀರು, ಬಿಸಿ ಗಂಜಿ ಅಂದರು. ಆ ರಾತ್ರಿ ಕುಚ್ಚಲಕ್ಕಿ ಗಂಜಿಯ ಮೊದಲ ಗುಟುಕು ಕುಡಿದಾಗ ಇಬ್ಬರಿಗೂ ಸಮಾಧಾನವಾಯಿತು, ಬೇಜಾರೂ ಆಯಿತು.

ದಾರಿ ತೋರಿಸಿದ್ದು ಮೇಲಿನ ಮನೆಯ ಅಜ್ಜಿ. ಅವರು ಮಾಧ್ವರು, ಉಡುಪಿ ಕಡೆಯವರು. ನನ್ನ ಕಥೆ ಕೇಳಿ, "ಎಲ್ಲ ಒಟ್ಟಿಗೆ ಬಿಟ್ಟರೆ ಮನಸ್ಸು ನಿಲ್ಲುವುದುಂಟಾ ಮಗಾ? ನಾವು ಚಾತುರ್ಮಾಸ್ಯದಲ್ಲಿ ತಿಂಗಳಿಗೆ ಒಂದು ಬಿಡುವುದು" ಅಂದರು. ಮೊದಲ ತಿಂಗಳು ಶಾಕ ವ್ರತ, ತರಕಾರಿ ಇಲ್ಲ. ಎರಡನೆಯದರಲ್ಲಿ ಮೊಸರು ಇಲ್ಲ. ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳ, ಅಂದರೆ ಬೇಳೆಕಾಳು. ಅವರ ವ್ರತದ ಅರ್ಥ ಬೇರೆ, ಅದು ನನಗೆ ಗೊತ್ತು. ಆದರೆ ಒಂದು ತಿಂಗಳಿಗೆ ಒಂದು ಅನ್ನುವ ಕ್ರಮ ಮನಸ್ಸಿನಲ್ಲಿ ಕೂತಿತು.

ಮರುವರ್ಷ ಜೂನ್ 1ಕ್ಕೆ ಶುರು ಮಾಡಿದೆವು. ಆ ದಿನವನ್ನು ಸುಮ್ನೆ ಆರಿಸಿದ್ದಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯ ಮೀನು ಸ್ವಲ್ಪ ಬರುತ್ತದೆ, ರೇಟು ಏರಿರುತ್ತದೆ. ಹಾರ್ನ್ ಅಪರೂಪಕ್ಕೆ ಕೇಳುತ್ತದೆ. ಕಡಲೇ ರಜೆ ಕೊಟ್ಟ ಸಮಯದಲ್ಲಿ ಮೀನು ಬಿಡುವುದು ಸುಲಭ ಅಲ್ವಾ? ಒಣಮೀನಿನ ಡಬ್ಬ ನೆರೆಯವರಿಗೆ ಕೊಟ್ಟೆ. ಕೋಳಿ, ಮೊಟ್ಟೆಯೂ ಅದರ ಜೊತೆಗೇ ಹೋಯಿತು.

ಕಷ್ಟ ಇದ್ದದ್ದು ಆಗಸ್ಟಿನಲ್ಲಿ. ಬಂದರಿನ ದಕ್ಕೆಯಿಂದ ಬೋಟುಗಳು ಹೊರಟವು, ಬಂಗುಡೆ ರಾಶಿ ಬಿತ್ತು. ಪಕ್ಕದ ಮನೆಯ ಮೀನಿನ ಪುಳಿಮುಂಚಿಯ ಪರಿಮಳ ಕಿಟಕಿಯಿಂದ ಒಳಗೆ ಬರುತ್ತಿತ್ತು. ಇವರು ಎರಡು ಸಲ ಹೊರಗೆ ಹೋಗಿ ತಿಂದು ಬಂದರು, ಬಂದು ನನಗೆ ಹೇಳಿದರು. ನಾನು ಒಂದು ಮಾತೂ ಆಡಲಿಲ್ಲ. ಮೊದಲೇ ಮಾತಾಡಿಕೊಂಡಿದ್ದೆವು: ಒಬ್ಬರ ತಟ್ಟೆಗೆ ಇನ್ನೊಬ್ಬರು ಇಣುಕುವಂತಿಲ್ಲ, ಆದರೆ ಮುಚ್ಚಿಡುವಂತೆಯೂ ಇಲ್ಲ. ಹಾಲಿನ ಸರದಿ ಬಂದಾಗ ಅದೇ ಒಪ್ಪಂದ ನನ್ನನ್ನು ಕಾಪಾಡಿತು. ಗಂಡ ಹೆಂಡತಿ ಒಟ್ಟಿಗೆ ಊಟ ಬದಲಿಸಲು ಹೊರಟರೆ, ಏನು ತಿನ್ನಬೇಕು ಅನ್ನುವುದಕ್ಕಿಂತ ಮೊದಲು ಇದನ್ನು ಮಾತಾಡಿಕೊಳ್ಳಿ.

ಭಾದ್ರಪದದಲ್ಲಿ ಮೊಸರು ಬಿಟ್ಟೆವು. ಮೇಲಿನ ಮನೆಯಲ್ಲೂ ಆಗ ದಧಿ ವ್ರತ. ಅವರು ಮಜ್ಜಿಗೆ ಬಳಸುತ್ತಾರೆ, ನಾವು ಅದನ್ನೂ ಬಿಟ್ಟೆವು. ಊಟದ ಕೊನೆಗೆ ಪುನರ್ಪುಳಿ (ಮುರುಗಲು) ನೆನೆಸಿದ ನೀರಿಗೆ ತೆಂಗಿನ ಹಾಲು, ಉಪ್ಪು, ಒಂದು ಹಸಿಮೆಣಸು ಜಜ್ಜಿ ಹಾಕಿ ಕುಡಿಯುತ್ತೇವೆ. ನೋಡಲು ಗುಲಾಬಿ, ಹೊಟ್ಟೆಗೆ ತಂಪು. ತಂಬುಳಿಗೂ ಮಜ್ಜಿಗೆಯ ಬದಲು ಇದೇ ಸಾಕು. ಶೇಂಗಾ ಹಾಲಿಗೆ ಹಸಿಮೆಣಸಿನ ತೊಟ್ಟು ಹಾಕಿ ಹೆಪ್ಪು ಹಾಕಬಹುದು, ಗಟ್ಟಿಯಾಗಿಯೇ ಬರುತ್ತದೆ. ಆದರೆ ಅದನ್ನು ಮೊಸರು ಅಂದುಕೊಂಡು ತಿಂದರೆ ಬೇಸರವಾಗುತ್ತದೆ, ಬೇರೆಯೇ ಪದಾರ್ಥ ಅಂದುಕೊಂಡರೆ ಚೆನ್ನಾಗಿದೆ.

ಆಶ್ವಯುಜದಲ್ಲಿ ಹಾಲು. ನನಗೆ ಕಾಫಿ ಬಿಡುವುದು ಇವರಿಗೆ ಬಂಗುಡೆ ಬಿಟ್ಟದ್ದಕ್ಕಿಂತ ಕಷ್ಟವಾಯಿತು. ಬಿಸಿ ಕಾಫಿಗೆ ತೆಂಗಿನ ಹಾಲು ಹಾಕಿದರೆ ಮೇಲೆ ಎಣ್ಣೆ ತೇಲುತ್ತದೆ. ಮೂರು ವಾರ ತಲೆನೋವು. ಕಾಫಿಯನ್ನು ಒಮ್ಮೆಗೇ ನಿಲ್ಲಿಸದೆ, ಹಾಲಿಲ್ಲದ ಕಪ್ಪು ಕಾಫಿಗೆ ಇಳಿದು, ಅದನ್ನೂ ಅರ್ಧ ಲೋಟ ಮಾಡಿ, ಡಿಸೆಂಬರ್ ಹೊತ್ತಿಗೆ ಬಿಟ್ಟೆ. ನಾಲ್ಕನೆಯ ತಿಂಗಳು ಬೇಳೆಕಾಳನ್ನು ಮಾತ್ರ ನಾವು ಬಿಡಲಿಲ್ಲ. ಮೀನೂ ಹಾಲೂ ಇಲ್ಲದವರಿಗೆ ಪ್ರೋಟೀನಿಗೆ ಅದೇ ಆಧಾರ.

ಇಷ್ಟಾದರೂ ಒಲೆ ಆರಿರಲಿಲ್ಲ. ಅನ್ನ, ಸಾಂಬಾರು, ನೀರುದೋಸೆ ಎಲ್ಲ ಇತ್ತು. ನನ್ನ ಲೆಕ್ಕದಲ್ಲಿ ಇದೇ ಮುಖ್ಯ: ಬಿಡಬೇಕಾದದ್ದನ್ನು ಮಳೆಗಾಲದಲ್ಲಿ ಬಿಡಿ, ಹಸಿ ಊಟಕ್ಕೆ ಬೇಸಿಗೆಯವರೆಗೆ ಕಾಯಿರಿ.

ಫೆಬ್ರವರಿಯಲ್ಲಿ ಬೆಳಗಿನ ತಿಂಡಿಯಿಂದ ತೊಡಗಿದೆವು. ಪಪ್ಪಾಯಿ, ಬಾಳೆಹಣ್ಣು, ತೆಂಗಿನ ತುರಿ. ಹಸಿ ಊಟದ ಹೆಸರಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಆಗ ಗೊತ್ತಾಯಿತು. ತಟ್ಟೆ ತುಂಬ ಮುಳ್ಳುಸೌತೆ, ಕ್ಯಾರೆಟ್, ಟೊಮೆಟೊ ಹೆಚ್ಚಿ ಕೊಡುತ್ತಿದ್ದೆ. ಹನ್ನೊಂದು ಗಂಟೆಗೆ ಇವರಿಗೆ ಆಫೀಸಿನಲ್ಲಿ ಕೈ ನಡುಕ, ಸಿಟ್ಟು. ನೂರು ಗ್ರಾಂ ಮುಳ್ಳುಸೌತೆಯಲ್ಲಿ ಸುಮಾರು 15 ಕ್ಯಾಲೊರಿ, ಅಷ್ಟೇ ತೂಕದ ಬಾಳೆಹಣ್ಣಿನಲ್ಲಿ 90ರ ಆಸುಪಾಸು, ಹಸಿ ತೆಂಗಿನಕಾಯಿಯಲ್ಲಿ 350. ಸೌತೆಕಾಯಿಯಿಂದ ಹೊಟ್ಟೆ ತುಂಬಿದರೂ ಶಕ್ತಿ ಬರುವುದಿಲ್ಲ. ಅಂದಿನಿಂದ ಒಬ್ಬರಿಗೆ ನಾಲ್ಕೈದು ಬಾಳೆಹಣ್ಣು, ಕಾಲು ಕಾಯಿಯ ತುರಿ, ಒಂದು ಹಿಡಿ ನೆನೆಸಿದ ಶೇಂಗಾ. ಕೈ ನಡುಕ ಹೋಯಿತು.

ಮಾರ್ಚಿನಲ್ಲಿ ರಾತ್ರಿಯ ಊಟ, ಏಪ್ರಿಲಿನಲ್ಲಿ ಮಧ್ಯಾಹ್ನದ್ದು. ಅನ್ನ ಇಲ್ಲದ ಮಧ್ಯಾಹ್ನ ನಮ್ಮವರಿಗೆ ಊಟವೇ ಅಲ್ಲ, "ಒಣಸ್ ಆಂಡಾ?" (ಊಟ ಆಯಿತಾ?) ಅಂತ ಯಾರಾದರೂ ತುಳುವಿನಲ್ಲಿ ಕೇಳಿದರೆ ಏನು ಹೇಳುವುದು ಅಂತ ತೋಚುತ್ತಿರಲಿಲ್ಲ. ಅದಕ್ಕೇ ಅದನ್ನು ಕೊನೆಗೆ ಇಟ್ಟದ್ದು. ಆ ಹೊತ್ತಿಗೆ ಮಾವು, ಹಲಸು, ಗೇರುಹಣ್ಣು, ಬಚ್ಚಂಗಾಯಿ (ಕಲ್ಲಂಗಡಿ) ಎಲ್ಲ ಬಂದಿತ್ತು. ಮುಂಡಪ್ಪ ಮಾವಿನ ಹಣ್ಣು ಎರಡು ತಿಂದರೆ ಅನ್ನದ ನೆನಪೇ ಬರುತ್ತಿರಲಿಲ್ಲ.

ಆಗ ನನಗೆ ಒಂದು ಖುಷಿಯ ವಿಷಯ ಗೊತ್ತಾಯಿತು. ಬೇಯಿಸದ ಅಡುಗೆ ನಮ್ಮಲ್ಲಿ ಮೊದಲೇ ಇತ್ತು, ಹೆಸರು ಇಟ್ಟಿರಲಿಲ್ಲ ಅಷ್ಟೆ. ಹೆಸರುಬೇಳೆ ನೆನೆಸಿ ಮಾಡುವ ಕೋಸಂಬರಿ. ತಿಮರೆ, ಅಂದರೆ ಒಂದೆಲಗದ ಚಟ್ನಿ. ಅನಾನಸಿಗೋ ಮಾವಿನ ಹಣ್ಣಿಗೋ ತೆಂಗಿನಕಾಯಿ, ಸಾಸಿವೆ ಹಸಿಯಾಗಿ ಅರೆದು ಹಾಕುವ ಸಾಸಮೆ. ಮಾವಿನ ರಸ ಬಿಸಿಲಿಗೆ ಹರಡಿ ಒಣಗಿಸುವ ಮಾಂಬಳ. ಒಗ್ಗರಣೆ ಒಂದನ್ನು ಬಿಟ್ಟರೆ ಎಲ್ಲ ಹಾಗೇ ಉಳಿಯಿತು. ಹೊರಗಿನ ದುಬಾರಿ ಪುಡಿ, ಬೀಜ ಯಾವುದನ್ನೂ ತರಿಸಬೇಕಾಗಲಿಲ್ಲ. ಗೇರುಬೀಜದ ಬಗ್ಗೆ ಮಾತ್ರ ಒಂದು ಮಾತು. ಅಂಗಡಿಯಲ್ಲಿ ಸಿಗುವ ಬಿಳಿ ಗೇರುಬೀಜ ನಿಜವಾಗಿ ಹಸಿ ಅಲ್ಲ. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಹಾಗಾಗಿ ಕಾರ್ಖಾನೆಯಲ್ಲಿ ಹಬೆಯಲ್ಲಿ ಬೇಯಿಸಿಯೋ ಹುರಿದೋ ಒಡೆಯುತ್ತಾರೆ. ಅವಲಕ್ಕಿಯೂ ಬಿಸಿ ಕಂಡದ್ದೇ. ನಾವು ಎರಡನ್ನೂ ತಿನ್ನುತ್ತೇವೆ, ಅಷ್ಟು ಕಟ್ಟುನಿಟ್ಟು ನಮಗೆ ಬೇಡ ಅನಿಸಿತು.

ಎಲ್ಲವನ್ನೂ ಹಸಿ ತಿನ್ನಬಹುದು ಅಂತಲ್ಲ, ಇದನ್ನು ದಯವಿಟ್ಟು ನೆನಪಿಡಿ. ರಾಜ್ಮಾ ಮೊಳಕೆ ಬಂದರೂ ಹಸಿ ತಿನ್ನಬಾರದು, ವಾಂತಿ ಬೇಧಿ ಆಗುತ್ತದೆ. ಮರಗೆಣಸಿನಲ್ಲಿ ವಿಷ ಇರುತ್ತದೆ, ಅದು ಬೇಯಲೇಬೇಕು. ಕೆಸು, ಸುವರ್ಣಗೆಡ್ಡೆ ಗಂಟಲು ತುರಿಸುತ್ತವೆ. ಹುರುಳಿ, ಅಲಸಂಡೆಯ ಮೊಳಕೆಯನ್ನು ನಾವು ಹಬೆಯಲ್ಲಿ ಬೇಯಿಸಿಯೇ ತಿನ್ನುವುದು. ಹೆಸರುಕಾಳು ಮಾತ್ರ ಹಸಿ. ಎಂಟು ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಬೆಳಗ್ಗೆ ಸಂಜೆ ತೊಳೆದರೆ ಬೇಸಿಗೆಯಲ್ಲಿ ಒಂದು ದಿನಕ್ಕೆ ಮೊಳಕೆ ಸಿದ್ಧ.

ಇನ್ನು ಬಿ12 ವಿಟಮಿನ್. ಗಿಡದಿಂದ ಬರುವ ಯಾವ ಆಹಾರದಲ್ಲೂ ಅದನ್ನು ನಂಬುವಂತಿಲ್ಲ. ದಿನಕ್ಕೆ ಬೇಕಾದದ್ದು ಎರಡರಿಂದ ಮೂರು ಮೈಕ್ರೋಗ್ರಾಂ, ಅಷ್ಟು ಚಿಕ್ಕ ಪ್ರಮಾಣ. ಆದರೆ ವರ್ಷಗಟ್ಟಲೆ ಇಲ್ಲದಿದ್ದರೆ ನರಗಳಿಗೆ ಪೆಟ್ಟು. ಮೀನು ಬಿಟ್ಟು ಒಂಬತ್ತು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿದಾಗ ನನ್ನದು ಮಿಲಿಲೀಟರಿಗೆ 180 ಪಿಕೋಗ್ರಾಂ ಇತ್ತು, ಇನ್ನೂರರ ಕೆಳಗೆ ಇದ್ದರೆ ಕೊರತೆ ಅಂತಲೇ ಲೆಕ್ಕ. ಕಾಲಲ್ಲಿ ಜುಮ್ಮೆನ್ನುತ್ತಿದ್ದದ್ದನ್ನು ನಾನು ಸುಸ್ತು ಅಂದುಕೊಂಡಿದ್ದೆ. ಡಾಕ್ಟರು ಹೇಳಿದಂತೆ ಮಾತ್ರೆ ಶುರು ಮಾಡಿದೆ, ಈಗ ಇಬ್ಬರೂ ತೆಗೆದುಕೊಳ್ಳುತ್ತೇವೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಕಬ್ಬಿಣಾಂಶಕ್ಕೆ ಸೊಪ್ಪು, ಎಳ್ಳಿನ ಜೊತೆ ನೆಲ್ಲಿಕಾಯಿಯೋ ಲಿಂಬೆಯೋ ಇರಲೇಬೇಕು, ಅದರ ಸಿ ವಿಟಮಿನ್ ಇದ್ದರೆ ಕಬ್ಬಿಣ ಮೈಗೆ ಚೆನ್ನಾಗಿ ಸೇರುತ್ತದೆ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು ನಮ್ಮನ್ನು ನೋಡಿ ಶುರು ಮಾಡಬೇಡಿ, ಮಕ್ಕಳಿಗೂ ಮಾಡಿಸಬೇಡಿ. ಡಾಕ್ಟರನ್ನು ಕೇಳಿ.

ನಿಜವಾಗಿ ನೋವಾದದ್ದು ಅತ್ತೆಗೆ. ಅವರು ಸುರತ್ಕಲ್‌ನಲ್ಲಿ ಮೈದುನನ ಜೊತೆ ಇದ್ದಾರೆ. ಭಾನುವಾರ ನಾವು ಹೋಗುತ್ತೇವೆ ಅಂತ ಬೆಳಗ್ಗೆಯೇ ಅಂಜಲ್ ಮೀನು ತರಿಸಿ ಮಸಾಲೆ ಹಚ್ಚಿ ಇಡುತ್ತಿದ್ದವರು. ಮಗ ಬೇಡ ಅಂದಾಗ ಅವರಿಗೆ ತನ್ನನ್ನೇ ಬೇಡ ಅಂದಂತಾಯಿತು. "ನನ್ನ ಕೈಯಡುಗೆ ಅಷ್ಟು ಬೇಡವಾಯಿತಾ?" ಅಂತ ಕೇಳಿ ಒಳಗೆ ಹೋದರು. ಆ ದಿನ ನಾವಿಬ್ಬರೂ ಬಾಳೆಹಣ್ಣು ತಿಂದು ಬಂದೆವು, ದಾರಿಯುದ್ದಕ್ಕೂ ಮಾತಿಲ್ಲ. ನಾನು ಎಷ್ಟೋ ವಿವರಿಸಿದೆ, ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ ಒಂದು ಭಾನುವಾರ, "ಅತ್ತೆ, ನಿಮ್ಮ ತಿಮರೆ ಚಟ್ನಿ ನನಗೆ ಬರುವುದಿಲ್ಲ, ಕಲಿಸಿಕೊಡಿ" ಅಂದೆ. ಸುಳ್ಳಲ್ಲ, ನನ್ನದು ಕಹಿಯಾಗುತ್ತಿತ್ತು. ಹಿತ್ತಲಿನ ತೋಡಿನ ಬದಿಯಿಂದ ಅವರೇ ಬೇರು ಸಮೇತ ಕಿತ್ತು ತಂದರು. ಬೇರನ್ನೂ ಹಾಕಬೇಕು, ತೆಂಗಿನಕಾಯಿ ಜಾಸ್ತಿ ಬೇಕು, ಹುಳಿಗೆ ಹಸಿ ಬಿಂಬುಳಿ ಅಂತ ಹೇಳಿ ಕಲ್ಲಿನಲ್ಲೇ ಅರೆದರು.

ಈಗ ಮತ್ತೆ ಜೂನ್. ಮಳೆ ಹಿಡಿದಿದೆ. ಸೊಪ್ಪನ್ನು ನಾವು ಹಸಿ ಮುಟ್ಟುವುದಿಲ್ಲ. ಬೆಳಗ್ಗೆ ಸಿಪ್ಪೆ ಸುಲಿದು ತಿನ್ನುವ ಹಣ್ಣು, ಮಧ್ಯಾಹ್ನ ಕಾಯಿತುರಿ ಹಾಕಿದ ಕೋಸಂಬರಿ, ಬೇಸಿಗೆಯಲ್ಲಿ ಒಣಗಿಸಿಟ್ಟ ಮಾಂಬಳ. ರಾತ್ರಿ ಬಿಸಿ ಗಂಜಿ, ಹಬೆಯಲ್ಲಿ ಬೇಯಿಸಿದ ಮೊಳಕೆ ಕಾಳು. ಮಳೆ ಬಿಟ್ಟ ಮೇಲೆ ಗಂಜಿ ಮತ್ತೆ ಕಡಿಮೆಯಾಗುತ್ತದೆ. ಎರಡು ತಿಂಗಳಿಗೆ ಮುಗಿಯುತ್ತಿದ್ದ ಸಿಲಿಂಡರ್ ಈಗ ನಾಲ್ಕು ತಿಂಗಳು ಬರುತ್ತಿದೆ. ತೆಂಗಿನಕಾಯಿಯ ಖರ್ಚು ಮಾತ್ರ ದುಪ್ಪಟ್ಟು.

ಅತ್ತೆ ಮೊನ್ನೆ ಫೋನ್ ಮಾಡಿದ್ದರು. ಭಾನುವಾರ ಬರುವಾಗ ಎರಡು ಕಾಯಿ ಹೆಚ್ಚು ತನ್ನಿ, ಬಿಂಬುಳಿ ಮರ ತುಂಬ ಬಿಟ್ಟಿದೆ ಅಂದರು.