ಶಾರ್ಕ್‌ಗಿಂತ ಜಾಸ್ತಿ ಕಾಡಿದ್ದು ಗಾಜಿನ ಮಂಜು

ಶಾರ್ಕ್ ವಿಡಿಯೋ ಶೂಟ್ ಮಾಡಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, ಹೆದರಿಕೆ ಆಗಲಿಲ್ವಾ ಅಂತ. ಆಯ್ತು. ಆದರೆ ಮೊದಲ ದಿನ ಹೊಟ್ಟೆಯಲ್ಲಿ ತಳಮಳ ಎದ್ದಿದ್ದು ಶಾರ್ಕ್ ನೋಡಿ ಅಲ್ಲ. ಸುಮಾರು 4 ಮೀಟರ್ ಉದ್ದದ ಗ್ರೇಟ್ ವೈಟ್ ಶಾರ್ಕ್ ಎದುರಿಗೇ ಬರುತ್ತಿದೆ, ನನ್ನ ಲೆನ್ಸ್ ಮುಂದಿನ ಗಾಜು ಒಳಗಡೆಯಿಂದ ಮಂಜು ಕಟ್ಟಿಕೊಂಡು ಕೂತಿದೆ!

ನಾನು ದಾವಣಗೆರೆಯಲ್ಲಿ ಮದುವೆ ವಿಡಿಯೋ ಮಾಡುವವನು. ಈಜು ಕಲಿತಿದ್ದು ಚನ್ನಗಿರಿ ಹತ್ತಿರ ಮಾವನ ಅಡಿಕೆ ತೋಟದ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಕೊಂಡು. ಡೈವಿಂಗ್ ಕಲಿತಿದ್ದು ಮುರ್ಡೇಶ್ವರದ ನೇತ್ರಾಣಿಯಲ್ಲಿ. ಶಾರ್ಕ್ ಶೂಟ್‌ಗೆ ಹೊರಟಿದ್ದ ಬೆಂಗಳೂರಿನ ಗೆಳೆಯರ ತಂಡಕ್ಕೆ ಎರಡನೇ ಕ್ಯಾಮೆರಾಮನ್ ಬೇಕಿತ್ತು, ಹೊರಟೆ. "ಮೀನು ನೋಡಾಕೆ ಅಷ್ಟು ದೂರ ಹೋಗ್ಬೇಕೇನೋ, ಸೂಳೆಕೆರೆಯಾಗ ಇಲ್ವಾ?" ಅಂದಳು ಅವ್ವ.

ಮೆಕ್ಸಿಕೋದ ಗ್ವಾಡಲೂಪೆ ದ್ವೀಪದಲ್ಲಿ 2023ರಿಂದ ಗ್ರೇಟ್ ವೈಟ್ ನೋಡುವ ಪ್ರವಾಸ ಬಂದ್. ದಕ್ಷಿಣ ಆಫ್ರಿಕಾದ ಗಾನ್ಸ್‌ಬಾಯಲ್ಲಿ 2017ರಿಂದ ಓರ್ಕಾ ಅನ್ನೋ ಕೊಲೆಗಾರ ತಿಮಿಂಗಿಲಗಳ ಕಾಟ ಶುರುವಾಗಿ ಗ್ರೇಟ್ ವೈಟ್‌ಗಳೇ ಜಾಗ ಖಾಲಿ ಮಾಡಿವೆ (ಹೌದು, ಅವನ್ನೂ ಹೆದರಿಸೋರಿದ್ದಾರೆ). ಹಾಗಾಗಿ ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಲಿಂಕನ್‌ಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೆಪ್ಚೂನ್ ದ್ವೀಪಗಳಿಗೆ ಹೋದೆವು. ಅಲ್ಲಿ ಫರ್ ಸೀಲ್ ಅನ್ನೋ ತುಪ್ಪಳದ ಸಮುದ್ರ ಪ್ರಾಣಿಗಳು ಹಿಂಡುಗಟ್ಟಲೆ ಇವೆ, ಶಾರ್ಕ್ ಬರುವುದೇ ಅವಕ್ಕಾಗಿ. ದಾರಿಯುದ್ದಕ್ಕೂ ವಾಂತಿ, ಅದನ್ನು ಬಿಡಿ.

ಈಗ ಮಂಜಿನ ಕಥೆ. ನೀರಿನೊಳಗೆ ಕ್ಯಾಮೆರಾವನ್ನು ಹೌಸಿಂಗ್ ಅನ್ನೋ ಗಟ್ಟಿ ಡಬ್ಬಿಯಲ್ಲಿ ಇಡುತ್ತೇವೆ. ನಾನು ಆ ಡಬ್ಬಿ ಮುಚ್ಚಿದ್ದು ದೋಣಿಯ ಅಡುಗೆಮನೆ ಪಕ್ಕದ ಟೇಬಲ್ ಮೇಲೆ. ಅಲ್ಲಿ ಚಹಾ ಕುದಿಯುತ್ತಿತ್ತು, ಆ ಹಬೆಯೆಲ್ಲ ಡಬ್ಬಿಯೊಳಗೆ ಸೇರಿತು. ಹೊರಗೆ ನೀರು ತಣ್ಣಗೆ 16 ಡಿಗ್ರಿ, ಒಳಗೆ ಕ್ಯಾಮೆರಾ ಬಿಸಿ. ಸ್ಟೀಲ್ ಲೋಟಕ್ಕೆ ಐಸ್ ನೀರು ಹಾಕಿದರೆ ಹೊರಗೆ ಬೆವರುತ್ತದಲ್ಲ, ಅದೇ ಲೆಕ್ಕ. ಆ ದಿನದ ಶೂಟಿಂಗ್ ಪೂರ್ತಿ ಹಾಳು. ಮಾರನೇ ದಿನದಿಂದ ಎಸಿ ಇರುವ ಕೋಣೆಯಲ್ಲಿ ಡಬ್ಬಿ ಮುಚ್ಚಿದೆ, ಒಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ತುರುಕಿದೆ. ಹೊಸ ಚಪ್ಪಲಿ ಡಬ್ಬದಲ್ಲಿ ಬರುತ್ತವಲ್ಲ, ಅವೇ. ಇನ್ನು ಓ-ರಿಂಗ್. ಕುಕ್ಕರ್ ಗ್ಯಾಸ್ಕೆಟ್ ಥರ ರಬ್ಬರ್ ಬಳೆ ಅದು. ಒಂದು ಕೂದಲು ಅಡ್ಡ ಸಿಕ್ಕಿದರೂ ನೀರು ಒಳಗೆ ನುಗ್ಗುತ್ತದೆ, ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾಗೆ ಎಳ್ಳುನೀರು. ಹಾಗಾಗಿ ದಿನಾ ಟಾರ್ಚ್ ಹಾಕಿ ಬೆರಳಲ್ಲಿ ಸವರಿ ನೋಡುತ್ತಿದ್ದೆ. ಗ್ರೀಸ್ ಮಿಂಚುವಷ್ಟು ಸಾಕು, ಜಾಸ್ತಿ ಬಳಿದರೆ ಮರಳು ಅಂಟುತ್ತದೆ.

ನಾವು ಒಳಗೆ ನಿಂತು ಶೂಟ್ ಮಾಡುವ ಕಬ್ಬಿಣದ ಬೋನನ್ನು ಸಮುದ್ರದ ತಳಕ್ಕೆ, ಸುಮಾರು 20 ಮೀಟರ್ ಆಳಕ್ಕೆ ಇಳಿಸುತ್ತಿದ್ದರು. ಅಷ್ಟು ಕೆಳಗೆ ಕೆಂಪು ಬಣ್ಣ ಅನ್ನೋದೇ ಇಲ್ಲ, ಎಲ್ಲಾ ನೀಲಿ. ಲೈಟ್ ಹಾಕಿದರೆ ಒಂದೆರಡು ಮೀಟರ್ ಅಷ್ಟೇ, ಜೊತೆಗೆ ನೀರಿನ ಧೂಳೆಲ್ಲ ಬೆಳಗಿ ಹಿಮ ಬಿದ್ದಂಗೆ ಕಾಣುತ್ತದೆ. ಅದಕ್ಕೆ ಬಿಸಿಲು ನೆತ್ತಿ ಮೇಲಿರುವ ಹೊತ್ತು ಮಾತ್ರ ಶೂಟ್ ಮಾಡಿದೆ. ಮದುಮಗನ ಬಿಳಿ ಪಂಚೆ ನೋಡಿ ವೈಟ್ ಬ್ಯಾಲೆನ್ಸ್, ಅಂದರೆ ಕ್ಯಾಮೆರಾಗೆ ಬಿಳಿ ಯಾವುದು ಅಂತ ತೋರಿಸಿ ಬಣ್ಣ ಸರಿ ಮಾಡೋರು ನಾವು, ಇಲ್ಲಿ ಪಂಚೆ ಬದಲು ಒಂದು ಬಿಳಿ ಪ್ಲಾಸ್ಟಿಕ್ ಹಲಗೆ. ಬಿಸಿಲಲ್ಲಿ ಪಂಚೆ ವಿಡಿಯೋದಲ್ಲಿ ಬರೀ ಬಿಳಿ ಬೆಳಕಾಗಿ ಸುಟ್ಟಂಗೆ ಕಾಣುವುದಿಲ್ವಾ, ಶಾರ್ಕ್ ಹೊಟ್ಟೆನೂ ಹಾಗೇ ಆಗುತ್ತದೆ. ಅದಕ್ಕೆ ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ತಗೊಳ್ಳೋ ಬೆಳಕು, ಸ್ವಲ್ಪ ಇಳಿಸಿಟ್ಟೆ.

ಮರೆಯಬೇಕಾದ ಅಭ್ಯಾಸವೂ ಒಂದಿತ್ತು. ಕೈ ಅಲ್ಲಾಡಬಾರದು ಅಂತ ಮದುವೆಯಲ್ಲಿ ಉಸಿರು ಬಿಗಿ ಹಿಡಿದು ಶೂಟ್ ಮಾಡುತ್ತೇವೆ. ಟ್ಯಾಂಕ್ ಗಾಳಿ ಉಸಿರಾಡುವಾಗ ಹಾಗೆ ಮಾಡಿ ಮೇಲೆ ಬಂದರೆ ಶ್ವಾಸಕೋಶವೇ ಹರಿಯಬಹುದು. ನಿಧಾನ ಉಸಿರಾಟ, ಮೊಣಕೈ ಬೋನಿನ ಕಂಬಿಗೆ, ಅಷ್ಟೇ.

ಶಾರ್ಕ್ ಹಿಂದೆ ಕ್ಯಾಮೆರಾ ತಿರುಗಿಸುತ್ತಾ ಹೋದರೆ ಸಿಗುವುದು ಬಾಲ ಮಾತ್ರ. ತಾಳಿ ಕಟ್ಟುವಾಗ ಎಲ್ಲರೂ ಮುಂದೆ ನುಗ್ಗುತ್ತಾರೆ, ಆದರೆ ಮದುಮಗಳ ಮುಖ ಎತ್ತ ತಿರುಗುತ್ತದೆ ಅಂತ ಗೊತ್ತಿರೋನು ಮೊದಲೇ ಅಲ್ಲಿ ನಿಂತಿರುತ್ತಾನೆ ಅಲ್ವಾ? ಮೂರನೇ ದಿನ ಒಂದು ಶಾರ್ಕ್ ಪ್ರತಿ ಸುತ್ತಿಗೂ ಅದೇ ಬಂಡೆ ಹತ್ತಿರ ತಿರುಗುತ್ತಿತ್ತು. ಆ ಬಂಡೆಗೇ ಫೋಕಸ್ ಇಟ್ಟು ಸುಮ್ನೆ ಕಾದೆ. ಒಂದು, ಎರಡು, ಮೂರು ಸುತ್ತು. ನಾಲ್ಕನೇ ಸಲ ಬಂಡೆ ದಾಟಿ ನೇರ ಬೋನಿಗೇ ಬಂದು, ಮೂತಿಯಿಂದ ಕಂಬಿ ಮುಟ್ಟಿ ನೋಡಿತು. ಸಣ್ಣ ವಿದ್ಯುತ್ತನ್ನೂ ಗುರುತಿಸುವ ರಂಧ್ರಗಳು ಅದರ ಮೂತಿಯಲ್ಲಿವೆ, ಉಪ್ಪುನೀರಲ್ಲಿ ಕಬ್ಬಿಣದ ಸುತ್ತಲೂ ಅಂಥ ಸಣ್ಣ ವಿದ್ಯುತ್ ಇರುತ್ತದೆ, ಅದಕ್ಕೇ ಕುತೂಹಲ. ಆಮೇಲೆ ನನ್ನ ಗಾಜಿಗೆ ಒಂದು ಮೊಳ ದೂರದಲ್ಲಿ, ಆರಾಮಾಗಿ ಪಕ್ಕಕ್ಕೆ ಸರಿದುಹೋಯಿತು. ಹನ್ನೊಂದು ಸೆಕೆಂಡಿನ ಶಾಟ್.

ಊರಿಗೆ ಬಂದು ಟಿವಿಗೆ ಹಾಕಿ ತೋರಿಸಿದೆ. ಗೆಳೆಯರೆಲ್ಲ ಹಲ್ಲು ನೋಡಿದರು. ಕಪ್ಪು ಗುಂಡಿ ಥರ ಕಣ್ಣು ಅಂತ ನಾನೇ ಎಲ್ಲರಿಗೂ ವರ್ಣನೆ ಮಾಡುತ್ತಿದ್ದೆ. ಅವ್ವ ಟಿವಿ ಹತ್ತಿರ ಹೋಗಿ ಬಗ್ಗಿ ನೋಡಿ, "ಕಪ್ಪೆಲ್ಲೈತೋ, ಕಡು ನೀಲಿ ಐತಲ್ಲ" ಅಂದಳು. ನಿಲ್ಲಿಸಿ ನೋಡಿದೆ. ನೀಲಿನೇ.